ಹೆಸರು ಮಾತ್ರ ಬದಲು

ಫೆಬ್ರವರಿ ೯

ಅಕ್ಕ,

"ಹೆಸರು ಹೋದರೂ ಉಸಿರು ನಿಲ್ಲದು" ಎಂದಿತ್ತೋ, "ಉಸಿರು ನಿಂತರೂ ಹೆಸರು ಹೋಗದು" ಎಂದಿತ್ತೋ? ಅಪ್ಪ ಅಚ್ಚಿನ ಮನೆಯಿಂದ ತಂದ ಕರಡು ತಿದ್ದುತ್ತ ಗುನುಗುತ್ತಿದ್ದ ಸಾಲು. ಯಾರದೆಂದು ನಾವು ಕೇಳಲಿಲ್ಲ. ಮೂರು ದಿನದಿಂದ ನನ್ನ ನಾಲಿಗೆಯ ತುದಿಯಲ್ಲಿ ಎರಡೂ ಜಗಳವಾಡುತ್ತಿವೆ. ಒಂದು ಬದುಕಿರುವವರ ಸಾಲು, ಇನ್ನೊಂದು ಸತ್ತವರದು. ಮನುಷ್ಯ ಎರಡರಲ್ಲಿ ಯಾವುದನ್ನು ಗುನುಗುತ್ತಾನೆ ಎಂಬುದರ ಮೇಲೆ ಅವನು ಎಂಥವನು ಎಂಬುದೇ ಬದಲಾಗಬಹುದು. ಒಮ್ಮೆ ಅಪ್ಪನನ್ನು ಕೇಳಿ ಬರೆ.

ಎರಡು ವರ್ಷದ ಮೇಲೆ ಬರೆಯುವ ಪತ್ರಕ್ಕೆ ಇದು ಬರೀ ನೆಪ ಎಂದು ನಿನಗೆ ಗೊತ್ತಾಗುತ್ತದೆ. ಫೋನಿನಲ್ಲಿ ನಾವು ಮೂರನೆಯ ಮಾತಿಗೇ ಜಗಳಕ್ಕಿಳಿಯುತ್ತೇವೆ. ಕಾಗದದ ಮೇಲಾದರೆ ಹೊಡೆದುಹಾಕಬಹುದು. ಭಾವ ತೀರಿಕೊಂಡ ತಿಂಗಳಲ್ಲೇ ಅಪ್ಪನನ್ನು ನಿನ್ನ ಮನೆಗೆ ಕರೆದೊಯ್ಯಲು ನೀನು ಬಂದಾಗ ನಾನು ಹೇಳಿದ ಮಾತನ್ನು ಮಾತ್ರ ಹೊಡೆದುಹಾಕಲಾಗದು. "ಸೇವೆ ಅಲ್ಲ ಕಣೇ, ನಿನಗೆ ಬೇಕಾಗಿರೋದು ಹೆಸರು" ಅಂದಿದ್ದೆ. ನೀನು ಅಪ್ಪನ ಚಪ್ಪಲಿಯನ್ನು ಹಳೆ ಪತ್ರಿಕೆಯಲ್ಲಿ ಸುತ್ತುತ್ತಿದ್ದೆ.

ಈಗ ವಿಷಯ. ನಾನು ಏನು ಕೆಲಸ ಮಾಡುತ್ತೇನೆಂದು ನೀನು ಕೇಳಿದಾಗ ಭಾವ, "ಕಂಪ್ಯೂಟರಿನ ನೆಲಮಾಳಿಗೇಲಿ ಕಸ ಗುಡಿಸ್ತಾಳೆ" ಅಂದಿದ್ದರಲ್ಲ, ಸುಳ್ಳಲ್ಲ. ಯಂತ್ರದ ತಳದಲ್ಲಿ ಕರ್ನಲ್ ಎಂಬ ತಂತ್ರಾಂಶ ಇರುತ್ತದೆ. ಅದರೊಳಗೆ ಒಂದೊಂದು ಉಪಕರಣಕ್ಕೂ ಒಂದೊಂದು ಡ್ರೈವರ್, ಆ ಉಪಕರಣದ ಭಾಷೆ ಬಲ್ಲ ದುಭಾಷಿ ಇದ್ದ ಹಾಗೆ. ಬಹುತೇಕ ಡ್ರೈವರುಗಳಲ್ಲಿ ಟೈಮರ್ ಇರುತ್ತದೆ: ಇಷ್ಟು ಹೊತ್ತಾದ ಮೇಲೆ ನನ್ನನ್ನು ಎಬ್ಬಿಸು ಎಂದು ಹೇಳಿ ಮಲಗುವ ಏರ್ಪಾಡು. ಆ ಟೈಮರನ್ನು ಹುಟ್ಟಿಸಲು ನಾಲ್ಕು ಸಾಲಿನ ಬದಲು ಒಂದೇ ಪದ ಬರೆಯುತ್ತೇವೆ, ಅದಕ್ಕೆ ಮ್ಯಾಕ್ರೋ ಎನ್ನುತ್ತೇವೆ. ಈ ಮ್ಯಾಕ್ರೋಗಳಿಗೆ ಮೂವತ್ತು ವರ್ಷದಲ್ಲಿ ಒಬ್ಬೊಬ್ಬರು ಒಂದೊಂದು ತರ ಹೆಸರಿಟ್ಟಿದ್ದಾರೆ. ಎಲ್ಲವನ್ನೂ ಒಂದು ಕ್ರಮಕ್ಕೆ ತರಬೇಕೆಂದು ತೀರ್ಮಾನವಾಯಿತು. ಮುನ್ನೂರ ಹನ್ನೆರಡು ಕಡತ. ಯಾರೂ ಮುಂದೆ ಬರಲಿಲ್ಲ, ನಾನು ಒಪ್ಪಿಕೊಂಡೆ.

ಮುಖ್ಯವಾದದ್ದಕ್ಕೆ ಇದ್ದ ಹೆಸರು "ಡಿಕ್ಲೇರ್ ಟೈಮರ್". ಹೊಸದೇನಿರಬೇಕೆಂದು ಹದಿನೈದು ದಿನ ಜಗಳವಾಯಿತು. ಆಗ ಭಾವನ ಕಡತ ನೆನಪಾಯಿತು. ಅಪ್ಪನ ಹಾಸಿಗೆಯಡಿಯಲ್ಲಿದ್ದು ಉಸಿರನ್ನು ಗಮನಿಸುವ, ಅವರೇ ಮಾಡಿದ ಪೆಟ್ಟಿಗೆಗೆ ಡ್ರೈವರ್ ಬರೆದು ಕರ್ನಲ್ಲಿಗೆ ಸೇರಿಸಿದ್ದರಲ್ಲ, ಅದನ್ನು ತೆರೆದೆ. ಅಲ್ಲಿ ಅವರು ತಮಗೆ ಬೇಕಾದ ಹೆಸರನ್ನು ತಾವೇ ಇಟ್ಟುಕೊಂಡಿದ್ದರು: "ಟೈಮರ್ ಡಿಕ್ಲೇರ್". ಮೊದಲು ಮನೆತನದ ಹೆಸರು, ಆಮೇಲೆ ಮಗುವಿನದು. ಎಷ್ಟು ನೆಟ್ಟಗಿದೆ ಅನ್ನಿಸಿತು. ಆ ಹೆಸರನ್ನೇ ಮುಂದಿಟ್ಟೆ, ಎಲ್ಲರೂ ಒಪ್ಪಿದರು. ಇನ್ನು ಮೇಲೆ ಜಗತ್ತಿನ ಎಲ್ಲ ಡ್ರೈವರುಗಳಲ್ಲೂ ಭಾವ ಇಟ್ಟ ಹೆಸರಿರುತ್ತದೆ. ನಿನಗೆ ಹೇಳಬೇಕೆನ್ನಿಸಿತು. ಅಷ್ಟೆ.

ನಿನ್ನ
ಸೂಜಿ


ಮಾರ್ಚ್ ೩

ಸೂಜಿ,

ನಿನ್ನ ಕಾಗದವನ್ನು ನಾಲ್ಕು ದಿನ ಟೀವಿಯ ಮೇಲಿಟ್ಟು ಆಮೇಲೆ ಒಡೆದೆ. ಅಪ್ಪ ನಿನಗೆ ಸೂಜಿ ಎಂದು ಸುಮ್ಮನೆ ಹೆಸರಿಡಲಿಲ್ಲ. ಚುಚ್ಚುವವಳೂ ನೀನೇ, ಹೊಲಿಯಲು ಬರುವವಳೂ ನೀನೇ.

ಆ ಮಾತು ನಾನು ಮರೆತಿಲ್ಲ. ಹೆಸರಿಗಾಗಿ ಮಾಡುವವಳು ಬೆಡ್‌ಪ್ಯಾನ್ ತೊಳೆಯುವುದನ್ನು ನಾಲ್ಕು ಜನ ನೋಡುವ ಹೊತ್ತಿಗೆ ಇಟ್ಟುಕೊಳ್ಳುತ್ತಿದ್ದಳು. ಹೋಗಲಿ.

ನಿನ್ನ ಸಾಲನ್ನು ಅಪ್ಪನಿಗೆ ಎರಡು ತರದಲ್ಲೂ ಓದಿ ಹೇಳಿದೆ. "ಎರಡೂ ಸರಿ. ಯಾವುದಾದ್ರೂ ಒಂದು ಹೋಗೇ ಹೋಗುತ್ತೆ" ಅಂದು ಮಗ್ಗುಲಾದ. ಅಷ್ಟಕ್ಕೇ ಗಂಟೆ ಹೊಡೆಯಿತು.

ಈ ಗಂಟೆಯ ಕತೆ ನಿನಗೆ ಗೊತ್ತಿಲ್ಲ. ಇಲ್ಲಿಗೆ ಬಂದ ಮೇಲೆ ಅಪ್ಪನ ಕಾಯಿಲೆ ಹೆಚ್ಚಾಗಿದೆ. ಮಲಗಿದರೆ ಉಸಿರಾಡುವುದನ್ನೇ ಮರೆಯುತ್ತಾನೆ. ಹೆಚ್ಚಿನ ಸಲ ತಾನಾಗಿ ಮತ್ತೆ ಶುರುವಾಗುತ್ತದೆ, ಆಗದಿದ್ದರೆ ಭುಜ ಹಿಡಿದು ಅಲುಗಿಸಿ ಎಂದು ಡಾಕ್ಟರು ಹೇಳಿದ್ದಾರೆ. ಇಪ್ಪತ್ತು ಸೆಕೆಂಡ್ ಉಸಿರು ಕಾಣದಿದ್ದರೆ ನಿನ್ನ ಭಾವನ ಪೆಟ್ಟಿಗೆ ಬಡಿದುಕೊಳ್ಳುತ್ತದೆ. ನಿಜವಾದದ್ದು ವಾರಕ್ಕೊಂದು ಇರಬಹುದು. ಸುಳ್ಳಿನದು ದಿನಕ್ಕೆರಡು, ಉಸಿರು ಅಳೆಯಲು ಬೆನ್ನಡಿ ಹಾಸಿದ ಪಟ್ಟಿಯ ಮೇಲಿಂದ ಪಕ್ಕಕ್ಕೆ ಸರಿದರೂ ಅದಕ್ಕೆ ಅಪ್ಪ ಸತ್ತ ಹಾಗೆಯೇ. ನಿಜವೋ ಸುಳ್ಳೋ ಎಂದು ಲೆಕ್ಕ ಹಾಕುತ್ತ ಕೂರಲು ಆಗುತ್ತದೆಯೇ, ಓಡುತ್ತೇನೆ. ಎದುರು ಮನೆಯ ಕಂಡಕ್ಟರಮ್ಮನಿಗೂ ಅಭ್ಯಾಸವಾಗಿದೆ. ಬಸ್ಸಿನ ಪಾಳಿ ಮುಗಿಸಿ ಬಂದು ಮಲಗಿದವರು ತಮ್ಮ ಕಿಟಕಿಯಿಂದಲೇ, "ಅಮ್ಮಾವ್ರೇ, ಇಳಿಯೋರು ಇದಾರಾ, ರೈಟ್ ಹೇಳ್ಲಾ?" ಅನ್ನುತ್ತಾರೆ. ಅಪ್ಪ ಹಾಸಿಗೆಯಿಂದ, "ಇನ್ನೂ ಸ್ಟಾಪ್ ಬಂದಿಲ್ಲ" ಅನ್ನುತ್ತಾನೆ.

ನಾನು ಕುರ್ಚಿಯಲ್ಲೇ ನಿದ್ದೆ ಮಾಡುವುದು ಕಲಿತಿದ್ದೇನೆ. ಕಾಲು ಊದುತ್ತದೆ. ಇನ್ನೊಂದು ತೊಂದರೆ, ಕರೆಂಟು ಹೋಗಿ ಬಂದರೆ ಪೆಟ್ಟಿಗೆ ಎಚ್ಚರವಾಗಲು ಐದು ನಿಮಿಷ ತೆಗೆದುಕೊಳ್ಳುತ್ತದೆ. ನೆಲಮಾಳಿಗೆಯ ಕಸ ಗುಡಿಸುವಾಗ ಅದಕ್ಕೇನಾದರೂ ದಾರಿ ಸಿಗುತ್ತದೆಯೇ ನೋಡು.

ಅವರ ಹೆಸರು ಎಲ್ಲ ಕಡೆ ಇರುತ್ತದೆ ಎಂದಿದ್ದೀಯ. ಅವರು ಇದ್ದಿದ್ದರೆ ನಾಚಿಕೊಳ್ಳುತ್ತಿದ್ದರು. ನಾನು ಎರಡು ಸಲ ಓದಿದೆ.

ಅಕ್ಕ


ಏಪ್ರಿಲ್ ೧೪

ಅಕ್ಕ,

ನಾಲ್ಕು ದಿನ ಟೀವಿಯ ಮೇಲಿದ್ದ ಕಾಗದಕ್ಕೆ ಉತ್ತರ ಬಂದದ್ದೇ ದೊಡ್ಡದು.

ಮುನ್ನೂರ ಹನ್ನೆರಡೂ ಮುಗಿದವು. ಒಂದೊಂದು ಕಡತದ ತಿದ್ದುಪಡಿಯ ಕೆಳಗೂ ಒಂದು ವಾಕ್ಯ ಬರೆಯುವುದು ನಮ್ಮಲ್ಲಿ ಪದ್ಧತಿ. ಓದುವವರಿಗೆ ಭಯ ಬೇಡ ಎಂಬುದಕ್ಕೆ. ನಾನು ಬರೆದದ್ದು ಇದು: "ಹೆಸರು ಮಾತ್ರ ಬದಲು, ನಡತೆಯಲ್ಲಿ ಬದಲಿಲ್ಲ." ಮುನ್ನೂರ ಹನ್ನೊಂದು ಸಲ ಬರೆದೆ. ಭಾವನ ಕಡತ ತೆರೆದಾಗ ಹೊಸ ಹೆಸರು ಅಲ್ಲಿ ಮೊದಲೇ ಇತ್ತು, ನನಗೆ ಮಾಡಲು ಏನೂ ಇರಲಿಲ್ಲ. ಮುಚ್ಚುವ ಮುನ್ನ ಒಂದು ನಿಮಿಷ ಸುಮ್ಮನೆ ನೋಡುತ್ತ ಕೂತಿದ್ದೆ. ಬರೆದ ಸಾಲುಗಳಲ್ಲೂ ಎಷ್ಟು ಮರ್ಯಾದೆ ಆ ಮನುಷ್ಯನಿಗೆ.

ನಮ್ಮ ಗುಂಪಿನ ಮೇಲ್ವಿಚಾರಕನನ್ನು ನಾವು ಮೇಸ್ತ್ರಿ ಎನ್ನುತ್ತೇವೆ. ಹೊಗಳಿ ಗೊತ್ತಿಲ್ಲದವನು. "ಅಚ್ಚುಕಟ್ಟಾಗಿದೆ" ಎಂದು ಒಂದೇ ಪದ ಕಳಿಸಿದ. ನಾನು ಅದನ್ನು ಬರೆದು ಗೋಡೆಗೆ ಅಂಟಿಸಿದ್ದೇನೆ. ನಲವತ್ತೆಂಟರ ವಯಸ್ಸಿನಲ್ಲಿ ಹೀಗೂ ಆಗುತ್ತದೆ.

ನಿನ್ನ ಕರೆಂಟಿನ ತೊಂದರೆ ಈಗ ನಾವು ತಿದ್ದಿದ ಕರ್ನಲ್ಲಿನ ಹೊಸ ಆವೃತ್ತಿಯಲ್ಲಿ ಇಲ್ಲ, ಅರ್ಧ ನಿಮಿಷದಲ್ಲಿ ಎಚ್ಚರವಾಗುತ್ತದೆ. ಈ ಲಕೋಟೆಯಲ್ಲಿ ಅದನ್ನು ತುಂಬಿದ, ಉಗುರಿನಷ್ಟು ದೊಡ್ಡ ಕಾರ್ಡು ಇದೆ. ಪೆಟ್ಟಿಗೆಯ ಬದಿಯ ಸೀಳಿನಲ್ಲಿರುವ ಹಳೆಯದನ್ನು ತೆಗೆದು ಇದನ್ನು ತೂರಿಸು. ಹಸಿರು ದೀಪ ಬಂದರೆ ಎಲ್ಲ ಸರಿ ಎಂದರ್ಥ. ಬೇರೆ ಏನೂ ಮಾಡಬೇಕಾಗಿಲ್ಲ.

ಕಾಲಿನ ಕೆಳಗೆ ದಿಂಬು ಇಟ್ಟುಕೊ.

ಸೂಜಿ


ಮೇ ೨೦

ಸೂಜಿ,

ನಿನ್ನ ಕಾರ್ಡು ಹಾಕಿ ಮೂರು ವಾರವಾಯಿತು. ಹಸಿರು ದೀಪ ಆಗಲೇ ಬಂತು. ಈ ಮಾತು ಬರೆಯಲು ನನಗೆ ಸ್ವಲ್ಪ ಕಷ್ಟ, ಆದರೂ ಬರೆಯುತ್ತೇನೆ: ನಿನ್ನಿಂದ ಉಪಕಾರವಾಯಿತು. ಗಂಟೆ ಸುಮ್ಮಸುಮ್ಮನೆ ಬಡಿದುಕೊಳ್ಳುವುದು ನಿಂತಿದೆ. ಮೂರು ವಾರದಲ್ಲಿ ಒಂದು ಸಲವೂ ಇಲ್ಲ. ಮೊದಲೆರಡು ದಿನ ನನಗೇ ಭಯವಾಗಿ ಹತ್ತು ನಿಮಿಷಕ್ಕೊಮ್ಮೆ ಮೂಗಿನ ಬಳಿ ಕೈ ಹಿಡಿದೆ. ಉಸಿರು ಚೆನ್ನಾಗಿಯೇ ಇತ್ತು. ಅಪ್ಪ ಕಣ್ಣು ಬಿಟ್ಟು, "ಏನೇ, ಪ್ರೂಫ್ ನೋಡ್ತಿದೀಯಾ?" ಅಂದ.

ಹೊಸ ಮಾತ್ರೆ ಹಿಡಿಸಿರಬೇಕು, ಪೆಟ್ಟಿಗೆಗೂ ಬುದ್ಧಿ ಬಂದಿರಬೇಕು. ಎರಡೂ ಸೇರಿ ಮನೆ ತಣ್ಣಗಿದೆ. ಕಂಡಕ್ಟರಮ್ಮ ಮೆಟ್ಟಿಲಲ್ಲಿ ಸಿಕ್ಕಿ, ಏನು ನಿಮ್ಮ ಬಸ್ಸು ಕೆಟ್ಟು ನಿಂತಿದೆಯಾ, ಗಂಟೆಯೇ ಇಲ್ಲ ಎಂದು ವಿಚಾರಿಸಿದರು. ತಂಗಿ ರಿಪೇರಿ ಮಾಡಿದ್ದಾಳೆ ಎಂದೆ. ಹಾಗೆ ಹೇಳುವಾಗ ಸ್ವಲ್ಪ ಜಂಬವೂ ಬಂತು.

ಈಗ ಮಧ್ಯಾಹ್ನ ಊಟವಾದ ಮೇಲೆ ಪಕ್ಕದ ಕೋಣೆಯ ಮಂಚದ ಮೇಲೆ ಒಂದು ಗಂಟೆ ಕಾಲು ಚಾಚುತ್ತೇನೆ. ಎರಡು ವರ್ಷದ ಮೇಲೆ ಬೆನ್ನಿಗೆ ಹಾಸಿಗೆ ತಾಗಿದೆ.

ಅಪ್ಪ ನಿನ್ನನ್ನು ಕೇಳುತ್ತಾನೆ. ಬಂದು ಹೋಗು. ಜಗಳವಾಡಿದರೆ ನೋಡಿಕೊಳ್ಳೋಣ.

ಅಕ್ಕ


ಜೂನ್ ೨

ಅಕ್ಕ,

ನಿನ್ನ ಕಾಗದ ಓದಿ ಇಡೀ ದಿನ ಕೆಲಸದ ನಡುವೆ ನಗುತ್ತಿದ್ದೆ. ಪ್ರೂಫ್ ನೋಡ್ತಿದೀಯಾ ಎಂದನಂತೆ.

ಬರುತ್ತೇನೆ. ಈ ತಿಂಗಳ ಕೊನೆಗೆ ಕೆಲಸದ ಇನ್ನೊಂದು ಕಂತು ಒಪ್ಪಿಸಬೇಕು, ಜುಲೈ ಮೊದಲ ವಾರ ಖಂಡಿತ. ಅಪ್ಪನಿಗೆ ಹೇಳು, ಸಾಲು ಯಾವುದೆಂದು ಎದುರು ಕೂತೇ ತೀರ್ಮಾನ ಮಾಡುತ್ತೇನೆ. ಮಧ್ಯಾಹ್ನದ ನಿದ್ದೆ ಬಿಡಬೇಡ.

ಸೂಜಿ


ಜುಲೈ ೧೯

ಸೂಜಿ,

ನೀನು ಬಂದು ಎಲ್ಲ ಮುಗಿಸಿ ಎರಡು ದಿನ ಇದ್ದು ಹೋದೆ. ಜನರ ಎದುರು ಹೇಳಲಾಗದ ಒಂದು ಮಾತಿತ್ತು. ಜನ ಹೋದ ಮೇಲೂ ಹೇಳಲಾಗಲಿಲ್ಲ. ನೀನು ಪಾತ್ರೆ ಒರೆಸುತ್ತಿದ್ದೆ, ನಾನು ಒರೆಸಿದ್ದನ್ನು ಜೋಡಿಸಿಟ್ಟೆ.

ಅಪ್ಪ ಹೋದದ್ದು ನಿದ್ದೆಯಲ್ಲಿ, ಯಾರೂ ಏನೂ ಮಾಡುವಂತಿರಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ನಿನಗೂ ಹಾಗೆಯೇ ಹೇಳಿದೆ. ಅರ್ಧ ಮಾತ್ರ ನಿಜ. ಆ ದಿನ ಮಧ್ಯಾಹ್ನ ಎರಡಕ್ಕೆ ಅವನಿಗೆ ಹೊದಿಸಿ, ನಾನು ಪಕ್ಕದ ಕೋಣೆಯಲ್ಲಿ ಮಲಗಿದೆ. ಎದ್ದಾಗ ಮೂರೂಕಾಲು. ಬಿಸಿಲು ಅವನ ಕಾಲಿನ ತನಕ ಬಂದಿತ್ತು. ಪರದೆ ಎಳೆಯಲು ಹೋದೆ. ಆಗಲೂ ಗೊತ್ತಾಗಲಿಲ್ಲ. ಪರದೆ ಎಳೆದು, ಎದ್ದೇಳು ಟೀ ಮಾಡ್ತೀನಿ ಎಂದೆ.

ಗಂಟೆ ಹೊಡೆದಿದೆ, ಸೂಜಿ. ಹೊಡೆದಿರಲೇಬೇಕು. ಐದು ನಿಮಿಷ ಬಡಿದುಕೊಂಡು ತಾನೇ ನಿಲ್ಲುವಂತೆ ನಿನ್ನ ಭಾವ ಮಾಡಿದ್ದರಲ್ಲ. ಐದು ನಿಮಿಷ ನನ್ನ ಅಪ್ಪ ನನ್ನನ್ನು ಕರೆದಿದ್ದಾನೆ, ನಾನು ಗೊರಕೆ ಹೊಡೆಯುತ್ತಿದ್ದೆ. ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು ಒಂದೂಕಾಲು ಗಂಟೆ ಮುಚ್ಚಿದೆ.

ಕಂಡಕ್ಟರಮ್ಮ ಆ ಹೊತ್ತು ಮನೆಯಲ್ಲೇ ಇದ್ದರಂತೆ, ಎಚ್ಚರವಾಗಿಯೇ ಇದ್ದರಂತೆ. "ಗಂಟೆ ಹೊಡೀಲಿಲ್ಲ ಅಮ್ಮಾವ್ರೇ, ಹೊಡೆದಿದ್ರೆ ನಂಗೆ ಕೇಳೋದು" ಅಂದರು. ಒಳ್ಳೆಯ ಹೆಂಗಸು, ನನ್ನ ಸಮಾಧಾನಕ್ಕೆ ಹೇಳುತ್ತಾರೆ. ಆ ಪೆಟ್ಟಿಗೆಯನ್ನು ನೋಡಲಾರದೆಯೇ ನಿನ್ನ ಕೈಗೆ ಕೊಟ್ಟು ಕಳಿಸಿದ್ದು.

ನಿನ್ನ ಮಾತು ಸರಿಯಾಗಿತ್ತು. ಹೆಸರು ಇತ್ತು, ಸೇವೆ ಇರಲಿಲ್ಲ.

ಅಕ್ಕ


ಆಗಸ್ಟ್ ೫

ಅಕ್ಕ,

ನಿನ್ನ ತಪ್ಪಿಲ್ಲ. ನಾನು ಬಲ್ಲೆ. ದಯವಿಟ್ಟು ನಂಬು.

ಈಗ ಇಷ್ಟೇ ಬರೆಯಲು ಆಗುತ್ತಿದೆ.

ಸೂಜಿ


ಆಗಸ್ಟ್ ೧೪

ಬಲ್ಲೆ ಎಂದು ಬರೆದಿದ್ದೀಯ. ಏನನ್ನು ಬಲ್ಲೆ?

ಅಕ್ಕ


ಸೆಪ್ಟೆಂಬರ್ ೨೧

ಅಕ್ಕ,

ಈ ಕಾಗದವನ್ನು ಆರು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವ ಮೊದಲೇ ಅಂಚೆಗೆ ಹಾಕುತ್ತೇನೆ.

ಗಂಟೆ ಹೊಡೆಯಲಿಲ್ಲ. ಕಂಡಕ್ಟರಮ್ಮ ಹೇಳಿದ್ದು ಸಮಾಧಾನವಲ್ಲ, ನಿಜ. ಏಪ್ರಿಲ್ ಕೊನೆಯಲ್ಲಿ ನೀನು ನನ್ನ ಕಾರ್ಡು ಹಾಕಿದ ಗಳಿಗೆಯಿಂದ ಆ ಪೆಟ್ಟಿಗೆ ಸತ್ತಿತ್ತು. ದೀಪ ಮಾತ್ರ ಹಸಿರಾಗಿತ್ತು.

ನಿನ್ನ ಜುಲೈ ಕಾಗದ ಬಂದ ದಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಪಟ್ಟಿಯ ಮೇಲೆ ಅಂಗೈ ಒತ್ತಿ, ಉಸಿರಿನ ಲಯದಲ್ಲಿ ಎತ್ತಿ ಇಳಿಸಿದೆ. ಆಮೇಲೆ ಕೈ ತೆಗೆದೆ. ಇಪ್ಪತ್ತು ಎಣಿಸಿದೆ. ನೂರು ಎಣಿಸಿದೆ. ಕಿಟಕಿಯ ಕೆಳಗಿನ ಲಾಂಡ್ರಿಯಲ್ಲಿ ಯಾರೋ ಬಟ್ಟೆ ಒಗೆದು, ಒಣಗಿಸಿ, ಮಡಿಸಿ ತೆಗೆದುಕೊಂಡು ಹೋದರು. ಗಂಟೆ ಹೊಡೆಯಲಿಲ್ಲ.

ಯಾಕೆಂದು ನಿನಗೆ ಅರ್ಥವಾಗಲೇಬೇಕು, ಇಲ್ಲದಿದ್ದರೆ ಇದನ್ನೂ ಸಮಾಧಾನದ ಮಾತು ಎಂದುಕೊಳ್ಳುತ್ತೀಯ.

ಎಲ್ಲರ ಮ್ಯಾಕ್ರೋ ಟೈಮರನ್ನು ಹುಟ್ಟಿಸುತ್ತದೆ, ಅಷ್ಟೆ. ಅದಕ್ಕೆ ಕೀಲಿ ಕೊಟ್ಟು ಓಡಿಸುವ ಕೆಲಸವನ್ನು ಬೇರೆ ಸಾಲಿನಲ್ಲಿ ಬರೆಯಬೇಕು. ಭಾವ ತಮ್ಮ ಕಡತದಲ್ಲಿ ಇಟ್ಟುಕೊಂಡ "ಟೈಮರ್ ಡಿಕ್ಲೇರ್" ಎರಡನ್ನೂ ಮಾಡುತ್ತಿತ್ತು: ಹುಟ್ಟಿಸಿ, ಕೀಲಿಯನ್ನೂ ಕೊಡುತ್ತಿತ್ತು. ಆಮೇಲೆ ಅಪ್ಪನ ಒಂದೊಂದು ಉಸಿರೂ ಓಡುತ್ತಿರುವ ಗಡಿಯಾರವನ್ನು ಇಪ್ಪತ್ತು ಸೆಕೆಂಡ್ ಮುಂದಕ್ಕೆ ತಳ್ಳುತ್ತಿತ್ತು. ಉಸಿರು ಬರದಿದ್ದರೆ ತಳ್ಳುವವರಿಲ್ಲದೆ ಗಂಟೆ ಹೊಡೆಯುತ್ತಿತ್ತು. ನಿಂತ ಗಡಿಯಾರವನ್ನು ಎಷ್ಟು ತಳ್ಳಿದರೂ ಅದು ನಿಂತೇ ಇರುತ್ತದೆ.

ಭಾವ ಮರ್ಯಾದಸ್ಥರು. ತಮ್ಮ ಹೆಸರಿನ ಮೇಲೆ ಒಂದು ಷರತ್ತು ಬರೆದಿದ್ದರು: ಈ ಹೆಸರು ಈಗಾಗಲೇ ಎಲ್ಲರದಾಗಿ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಮಾತ್ರ ನನ್ನದನ್ನು. ಹದಿನಾಲ್ಕು ವರ್ಷ ಅಂಥ ಹೆಸರು ಬೇರೆಲ್ಲೂ ಇರಲಿಲ್ಲ, ಅವರದು ನಡೆಯಿತು. ನಾನು ಅವರ ಮೇಲಿನ ಪ್ರೀತಿಗೆ ಆ ಹೆಸರನ್ನು ಎತ್ತಿ ಎಲ್ಲರಿಗೂ ಕೊಟ್ಟೆ. ಅವರ ಕಡತ ನೋಡಿತು, ಹೆಸರು ಈಗ ಎಲ್ಲರದು. ತನ್ನದನ್ನು ಬಿಟ್ಟು ಪಕ್ಕಕ್ಕೆ ಸರಿದು ನಿಂತಿತು. ಎಲ್ಲರ ಹೆಸರಿನಲ್ಲಿ ಕೀಲಿ ಇರಲಿಲ್ಲ. ಯಾವ ಯಂತ್ರವೂ ತಕರಾರು ಹೇಳಲಿಲ್ಲ, ಯಾಕೆಂದರೆ ಬರೆದದ್ದರಲ್ಲಿ ತಪ್ಪೇ ಇರಲಿಲ್ಲ. ಬೇರೆ ಹೆಸರು ಯಾವುದನ್ನು ಇಟ್ಟಿದ್ದರೂ ಅಪ್ಪನ ಗಂಟೆ ಹೊಡೆಯುತ್ತಿತ್ತು.

ಆ ಷರತ್ತು ನನ್ನ ಕಣ್ಣೆದುರಿಗೇ ಇತ್ತು. ಎಷ್ಟು ಮರ್ಯಾದೆ ಎಂದು ನಿನಗೆ ಬರೆದೆನಲ್ಲ, ಅದನ್ನು ನೋಡಿಯೇ. ಪದ್ಯ ಓದಿದ ಹಾಗೆ ಓದಿ ಮುಚ್ಚಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಡತೆಯಲ್ಲಿ ಬದಲಿಲ್ಲ ಎಂದು ಮುನ್ನೂರ ಹನ್ನೊಂದು ಸಲ ಬರೆದವಳು ನಾನು. ನಡತೆ ಬದಲಾಗಿದೆ, ಮೂರು ವಾರದಿಂದ ಗಂಟೆಯೇ ಇಲ್ಲ ಎಂದು ನೀನು ಬರೆದೆ. ಹೆಸರು ಬದಲಿಸಿದರೆ ಸುಳ್ಳು ಗಂಟೆ ನಿಲ್ಲುವುದು ಹೇಗೆ ಎಂದು ನನ್ನ ಕೈಕೆಳಗಿನ ಹುಡುಗಿಯರೂ ಕೇಳುತ್ತಿದ್ದರು. ನಾನು ಕೇಳಲಿಲ್ಲ. ಎರಡು ವರ್ಷದ ಮೇಲೆ ನನ್ನಕ್ಕ ನನ್ನನ್ನು ಹೊಗಳಿದ್ದಳು. ನಾನು ನಗುತ್ತಿದ್ದೆ. ಮಧ್ಯಾಹ್ನದ ನಿದ್ದೆ ಬಿಡಬೇಡ ಎಂದು ಬರೆದೆ.

ಭಾವ ಮಾಡಿದ್ದು ಮೂರೇ ಪೆಟ್ಟಿಗೆ, ಉಳಿದೆರಡು ಅವರ ಕಚೇರಿಯ ಕಪಾಟಿನಲ್ಲಿ ಬಿಚ್ಚಿಟ್ಟ ಹಾಗೆಯೇ ಇವೆ ಎಂದು ಅವರ ಹಳೆಯ ಸಹೋದ್ಯೋಗಿಯನ್ನು ಕೇಳಿ ಖಚಿತ ಮಾಡಿಕೊಂಡೆ. ಆದರೂ ತಿದ್ದುಪಡಿ ಕಳಿಸಿದೆ. ಒಂದು ಸಾಲು, ಕೀಲಿ ಕೊಡುವ ಸಾಲು. ನನ್ನ ತಪ್ಪಿನಿಂದ ಈ ಉಪಕರಣ ನಿಂತಿತ್ತು ಎಂದು ಅಡಿಯಲ್ಲಿ ಬರೆದೆ. ಮೇಸ್ತ್ರಿ ಕೇಳಿದ: "ಇದನ್ನ ಈಗಲೂ ಯಾರಾದ್ರೂ ಬಳಸ್ತಾರಾ? ಇಲ್ದಿದ್ರೆ ಕಡತಾನೇ ತೆಗೆದುಬಿಡೋಣ."

ಈಗ ಯಾರೂ ಇಲ್ಲ ಎಂದು ಉತ್ತರ ಕೊಟ್ಟೆ. ತೆಗೆದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರೆ. ಎರಡು ತಿಂಗಳಿಂದ ನಿನಗೆ ನೀನೇ ಬರೆ ಹಾಕಿಕೊಳ್ಳುತ್ತಿರುವುದು ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ಗಂಟೆ ಹೊಡೆದಿದ್ದರೆ ನೀನು ಏಳುತ್ತಿದ್ದೆ. ಯಾವಾಗಲೂ ಎದ್ದಿದ್ದೀಯ.

ಸೂಜಿ


ನವೆಂಬರ್ ೮

ಅಕ್ಕ,

ಇದನ್ನು ನಿನ್ನ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಬೆಳಗ್ಗೆ ಹತ್ತು ಗಂಟೆ. ಬರೆದು ಬಾಗಿಲ ಕೆಳಗೆ ತಳ್ಳಿ ಹೋಗುತ್ತೇನೆ.

ಏಳು ವಾರ ನಿನ್ನ ಉತ್ತರ ಬರಲಿಲ್ಲ. ಕಾಗದ ಟೀವಿಯ ಮೇಲಿದೆ, ಇನ್ನೂ ಒಡೆದಿಲ್ಲ ಎಂದು ಮೊದಲು ಅಂದುಕೊಂಡೆ. ಆಮೇಲೆ, ಒಡೆದಿದ್ದಾಳೆ ಎಂದುಕೊಂಡೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ತಿಳಿಯದೆ ಬಸ್ಸು ಹತ್ತಿದೆ. ಮೂರು ಸಲ ಬಾಗಿಲು ಬಡಿದೆ. ಒಳಗೆ ಸದ್ದಿಲ್ಲ. ನೀನು ಪೇಟೆಗೆ ಹೋಗಿರಬಹುದು, ಊರಿನಲ್ಲೇ ಇಲ್ಲದಿರಬಹುದು.

ಕ್ಷಮಿಸು ಎಂದು ಕೇಳಲು ಬಂದದ್ದಲ್ಲ. ಕ್ಷಮಿಸಿದರೂ ನಾನು ಅದನ್ನು ಎಲ್ಲಿಡಲಿ? ನನಗೆ ತಿಳಿಯಬೇಕಿರುವುದು ಒಂದೇ. ನಾನು ಬರೆದದ್ದನ್ನು ನೀನು ನಂಬಿದ್ದೀಯಾ? ತಂಗಿ ನನ್ನ ಹೊರೆ ಇಳಿಸಲೆಂದು ತನ್ನ ತಲೆಯ ಮೇಲೆ ಹಾಕಿಕೊಂಡು ಕತೆ ಕಟ್ಟಿದ್ದಾಳೆ ಎಂದು ನೀನು ತಿಳಿದಿದ್ದರೆ, ನಿನ್ನ ಮಧ್ಯಾಹ್ನಗಳು ಇನ್ನೂ ಹಾಗೆಯೇ ಇವೆ. ನಂಬಿದ್ದರೆ, ನಿನಗೆ ಇನ್ನು ತಂಗಿ ಇಲ್ಲ. ಎರಡನೆಯದೇ ಆಗಲಿ ಎಂದು ಬಯಸುತ್ತಿದ್ದೇನೆ. ಪೂರ್ತಿ ಬಯಸಲು ಆಗುತ್ತಿಲ್ಲ.

ಒಂದು ಸಾಲು ಬರೆದು ಹಾಕು. ಬೈದಾದರೂ.

ಸೂಜಿ

ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ: ಮಡಿಸುವಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು. ಕಂಡಕ್ಟರಮ್ಮ ಸಮವಸ್ತ್ರ ತೊಟ್ಟು, ಪಾಳಿಗೆ ಹೊರಟಿದ್ದರು. ಜುಲೈಯಲ್ಲಿ ನೋಡಿದ ನೆನಪಿನಿಂದ ನನ್ನ ಗುರುತು ಹಿಡಿದರು. ಅಕ್ಕ ಎಲ್ಲಿಗೆ ಹೋಗಿದ್ದಾಳೆ, ಯಾವಾಗ ಬರುತ್ತಾಳೆ ಎಂದು ಕೇಳಿದೆ. ಅವರು ನಿನ್ನ ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು, ಚೀಲವನ್ನು ಹೆಗಲಿಗೇರಿಸಿಕೊಂಡರು. ಹೊಸ್ತಿಲಲ್ಲೇ ನಿಂತು, ಒಳಗಿರುವವರಿಗೂ ಕೇಳಲೆಂಬಷ್ಟು ಗಟ್ಟಿಯಾಗಿ ಹೇಳಿದರು:

"ಒಳಗೇ ಇದಾರೆ. 'ನನ್ನ ತಂಗಿ ಬಂದ್ರೆ ಊರಲ್ಲಿಲ್ಲ ಅಂತ ಹೇಳಿ' ಅಂದ್ರು. ನಂಗೆ ಸುಳ್ಳು ಹೇಳಕ್ಕೆ ಬರಲ್ಲ, ಅದು ಅವ್ರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ನಂಗೇ ಹೇಳಿದಾರೆ."